ಮುದುಕಿಯ ಪಾಲು ಸೊನ್ನೆ

ಫೆಬ್ರವರಿ 3, ಬೆಳಿಗ್ಗೆ ಏಳು

ಈ ಡೈರಿ ತೆರೆದ ಕೈ ಯಾರದೇ ಇರಲಿ, ಮೊದಲು ಮುಚ್ಚಲಿ. ಮುದುಕಿಯೊಬ್ಬಳು ತನ್ನ ಪಾಡಿಗೆ ನಾಲ್ಕು ಸಾಲು ಗೀಚಿಕೊಂಡರೆ ಅದರಲ್ಲಿ ಮೂಗು ತೂರಿಸುವಂಥದ್ದು ಏನಿದೆ? ಓದುವ ಚಟವಿದ್ದರೆ ಈ ಮನೆಯಲ್ಲಿ ಪುಸ್ತಕಕ್ಕೆ ಬರವೇ? ಮಂಚದ ಕೆಳಗೆ ಪುಸ್ತಕ. ಬೀರು ತೆಗೆದರೆ ಬಟ್ಟೆಗಿಂತ ಮೊದಲು ಪುಸ್ತಕ ಬೀಳುತ್ತದೆ. ಅವನ್ನು ಓದು. ನಾಚಿಕೆಗೆಟ್ಟ ಕಣ್ಣು.

ಸರಿ. ಹಾಲು ಬಂತು. ಲಿಫ್ಟು ಇವತ್ತೂ ಕೆಟ್ಟಿದೆ. ಮಾತ್ರೆ ನುಂಗಿದೆ. ಮೊಮ್ಮಗಳು — ಕಡ್ಡಿ ಎಂದೇ ಕರೆಯುವುದು, ಹುಟ್ಟಿದಾಗಿನಿಂದ ಹಾಗೇ ಇದ್ದಾಳೆ — ಐದು ಗಂಟೆಗೇ ಎದ್ದು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಫಾರಂ ತುಂಬುವುದು. ಯೂನಿವರ್ಸಿಟಿಯಲ್ಲಿ ಫ್ರೆಂಚ್ ಪಾಠ ಹೇಳಲು ಹಿಡಿದು ಒಂಬತ್ತು ವರ್ಷ. ಒಂಬತ್ತೂ ವರ್ಷ ಟೆಂಪರರಿ. ಕಾಯಂ ಹುದ್ದೆಗೆ ಎರಡು ಸಲ ಕರೆದರು, ಎರಡು ಸಲವೂ ರದ್ದು ಮಾಡಿದರು. ಇದು ಮೂರನೆಯದು. ಇವಳಿಗೆ ಕೊನೆಯದೂ ಹೌದು. ಮುಂದಿನ ವರ್ಷ ವಯಸ್ಸು ಮೀರುತ್ತದೆ.

ಎಷ್ಟು ಪುಟ ಎಂದು ಕೇಳಿದೆ. ನಲವತ್ತೊಂದಂತೆ. ಹುಟ್ಟಿದ್ದಕ್ಕೂ ಸಾಕ್ಷಿ ಕೇಳಿದ್ದಾರೇನೇ ಅಂದರೆ, ಅದೂ ಇದೆ, ಹನ್ನೊಂದನೇ ಪುಟದಲ್ಲಿ ಅಂದಳು. ನಗಲಿಲ್ಲ.

ಫೆಬ್ರವರಿ 5, ಮಧ್ಯಾಹ್ನ

ಎದುರುಮನೆಯಾಕೆ ಮತ್ತೆ ಕೇಳಿದಳು — ನಿಮ್ಮ ಮೊಮ್ಮಗಳು ಓದಿಸುವುದಾದರೂ ಏನು? ಹೇಳಿ ಹೇಳಿ ಬಾಯಿ ಒಣಗಿತು. ಫ್ರೆಂಚ್ ಎಂದರೆ ಸೆಂಟು ಪೂಸಿಕೊಂಡವರ ಭಾಷೆ ಎಂದು ನಾನೂ ತಿಳಿದಿದ್ದೆ. ಇವಳ ಫ್ರೆಂಚ್ ಅದಲ್ಲ. ಆಫ್ರಿಕಾದ ಜನರನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿ ಕಬ್ಬಿನ ದ್ವೀಪಗಳಿಗೆ ಒಯ್ದರಲ್ಲ, ಅವರ ಮೊಮ್ಮಕ್ಕಳು ಮರಿಮಕ್ಕಳು ಬರೆದ ನಾಟಕಗಳು. ಯಜಮಾನರ ಭಾಷೆ ಕಲಿತು, ಅದೇ ಭಾಷೆಯಲ್ಲಿ ಯಜಮಾನರ ಮುಖಕ್ಕೆ ಉಗಿದದ್ದು. ನನಗಂತೂ ಕೇಳಿದ ದಿನವೇ ಹಿಡಿಸಿತು.

ವಿಭಾಗದ ಮುಖ್ಯಸ್ಥರಿಗೆ ಹಿಡಿಸಲಿಲ್ಲ. ಟೈ ಮೇಷ್ಟ್ರು ಎನ್ನುತ್ತೇನೆ — ಎಂಥ ಸೆಕೆಯಲ್ಲೂ ಬಿಚ್ಚುವುದಿಲ್ಲ, ಬಿಚ್ಚಿದರೆ ತಲೆ ಉರುಳಿಬಿಡುತ್ತದೆ ಎನ್ನುವ ಹಾಗೆ. ಅವರ ಪಾಲಿಗೆ ದ್ವೀಪದವರ ಫ್ರೆಂಚ್ ಹಿತ್ತಲ ಬಾಗಿಲಿನ ಫ್ರೆಂಚ್. ಒಂಬತ್ತು ವರ್ಷದಿಂದ ಇವಳ ಪೇಪರಿಗೆ ಕೊಟ್ಟಿರುವುದು ಮೂಲೆಯ ಕೋಣೆ. ಹನ್ನೆರಡು ಕುರ್ಚಿ, ಅದರಲ್ಲಿ ಮೂರಕ್ಕೆ ಕಾಲಿಲ್ಲ.

ಹೋದ ವರ್ಷ ಇವಳು ಒಂದು ನಾಟಕ ನಮ್ಮ ಭಾಷೆಗೆ ತಂದಳು. ಸಕ್ಕರೆ ಫ್ಯಾಕ್ಟರಿಯ ಮ್ಯಾನೇಜರು ಒಬ್ಬ ಮುದುಕಿಯ ಗುಡಿಸಲು ಕೆಡವಲು ಬರುತ್ತಾನೆ. ಮುದುಕಿ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತು ಬೈಯುತ್ತಾಳೆ. ಕೂತಲ್ಲಿಂದ ಏಳುವುದೇ ಇಲ್ಲ, ನಾಟಕ ಮುಗಿಯುವವರೆಗೆ. ಕಡ್ಡಿ ಎಷ್ಟು ಬರೆದರೂ ಆ ಮುದುಕಿ ಕಾಲೇಜು ಓದಿದವಳ ಹಾಗೆ ಮಾತಾಡುತ್ತಿದ್ದಳು. ಕೇಳಿ ಕೇಳಿ ಸಾಕಾಗಿ ನಾನೇ ಬಾಯಿ ಹಾಕಿದೆ.

ಆಮೇಲೆ ಅದೇ ಪದ್ಧತಿಯಾಯಿತು. ನಾನು ಬೀನ್ಸ್ ಮುರಿಯುತ್ತ ಕೂರುವುದು. ಅವಳು ಮೊದಲು ಫ್ರೆಂಚಿನಲ್ಲೇ ಓದುವುದು — ಒಂದಕ್ಷರ ತಿಳಿಯದಿದ್ದರೂ ಸಿಟ್ಟು ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಅರ್ಥ ಹೇಳುವುದು. ಆಮೇಲೆ ನಾನು ಬೈಯುವುದು. ಅವಳು ಬರೆದುಕೊಳ್ಳುವುದು. ನಲವತ್ತು ವರ್ಷದ ಹಿಂದೆ ನನ್ನ ಅಂಗಳದಲ್ಲಿ ಗೂಟ ಹೊಡೆಯಲು ಬಂದ ಸರ್ವೆಯವನಿಗೆ ಅಂದದ್ದೆಲ್ಲ ಆ ಮುದುಕಿಯ ಬಾಯಿಗೆ ಹೋಯಿತು. ಎಂಟು ತಿಂಗಳು.

ಪುಸ್ತಕ ಬಂದಾಗ ಮೊದಲ ಪುಟದಲ್ಲಿ ಎರಡು ಹೆಸರು. ಅವಳದು. ಕೆಳಗೆ ನನ್ನದು.

ಎಂಥ ಹುಚ್ಚು ಹುಡುಗಿ ಎಂದು ಬೈದೆ. ಬೈದದ್ದು ನಿಜ.

ಫೆಬ್ರವರಿ 9, ಸಂಜೆ

ತಲೆ ಕೆಟ್ಟುಹೋಗಿದೆ. ಈ ಫಾರಂ ಮಾಡಿದವನ ಕೈಗೆ... ಹೋಗಲಿ.

ಒಂದೊಂದಕ್ಕೂ ಅಂಕ. ಪುಸ್ತಕಕ್ಕೆ ಹತ್ತು. ಅದೇ ನಾಟಕವನ್ನು ಮೂರು ತಿಂಗಳು ಹುಡುಗ ಹುಡುಗಿಯರಿಗೆ ಕಲಿಸಿ ರಂಗದ ಮೇಲೆ ನಿಲ್ಲಿಸಿದಳಲ್ಲ — ಗಂಟಲು ಕಟ್ಟಿ ನಾಲ್ಕು ದಿನ ಸನ್ನೆಯಲ್ಲೇ ಮಾತಾಡಿದ್ದಳು — ಅದು "ಇತರೆ". ಇತರೆಗೆ ಅಂಕವಿಲ್ಲ. ಇಂಟರ್ವ್ಯೂಗೆ ಕರೆಯಬೇಕಾದರೆ ಒಟ್ಟು ಎಪ್ಪತ್ತೈದು ಬೇಕು. ಇವಳದು ಎಪ್ಪತ್ತೆಂಟು ಎಂದು ನಾವು ನೆಮ್ಮದಿಯಾಗಿದ್ದೆವು. ಇವತ್ತು ಟೈ ಮೇಷ್ಟ್ರು ಕರೆದು ಹೇಳಿದ್ದಾರೆ — ಪುಸ್ತಕದಲ್ಲಿ ಎರಡು ಹೆಸರಿವೆ, ಹತ್ತು ಅಂಕ ಇಬ್ಬರಿಗೂ ಹಂಚಿಹೋಗುತ್ತದೆ. ಅಲ್ಲಿಗೆ ಎಪ್ಪತ್ತಮೂರು. ಎರಡು ಕಡಿಮೆ.

ನನ್ನ ಐದು ಅಂಕ ನಾನೇನು ಮಾಡಲಿ? ಉಪ್ಪಿನಕಾಯಿ ಹಾಕಲೇ?

ದಾರಿ ಒಂದಿದೆಯಂತೆ. ಎರಡನೇ ಹೆಸರಿನವರು ತಮ್ಮ ಪಾಲು ಏನೂ ಇಲ್ಲವೆಂದು ಬರೆದುಕೊಟ್ಟರೆ ಹತ್ತೂ ಇವಳಿಗೆ. ಒಂದು ಸಾಲು, ಒಂದು ಸಹಿ. ತಾ ಆ ಕಾಗದ ಎಂದೆ. ಕಡ್ಡಿ ಚಪ್ಪಲಿ ಕೂಡ ಬಿಚ್ಚಿರಲಿಲ್ಲ, ಬಾಗಿಲಲ್ಲೇ ನಿಂತಿದ್ದಳು.

"ಆ ಮಾತು ಎತ್ತಬೇಡ ಅಜ್ಜಿ. ನಾನು ಬೇರೆ ಏನಾದ್ರೂ ನೋಡ್ತೀನಿ."

"ಬೇರೆ ಏನು ನೋಡ್ತೀಯೆ? ಆಕಾಶ ನೋಡ್ತೀಯಾ?"

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಬಕೆಟ್ಟು ತುಂಬಿ ಹರಿದರೂ ನಿಲ್ಲಿಸಲಿಲ್ಲ.

ಫೆಬ್ರವರಿ 10

ಅವಳು ಕ್ಲಾಸಿಗೆ ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ನನ್ನ ಹೆಸರು ಪೂರ್ತಿ ಅಚ್ಚಾಗಿದ್ದು ಇದೊಂದೇ ಕಡೆ. ಬ್ಯಾಂಕಿನವರೂ ಅರ್ಧ ನುಂಗಿಬಿಡುತ್ತಾರೆ. ಒಂದಿಷ್ಟು ಹೊತ್ತು ನೋಡಿ ಇದ್ದಲ್ಲೇ ಇಟ್ಟೆ. ಅಚ್ಚಿನಲ್ಲಿರುವ ಹೆಸರನ್ನು ಯಾರೂ ಕೀಳುವುದಿಲ್ಲವಲ್ಲ. ಫೈಲಿನ ಕಾಗದ ಫೈಲಿನಲ್ಲಿರುತ್ತದೆ. ಅದನ್ನು ಯಾರು ಓದುತ್ತಾರೆ?

ಫೆಬ್ರವರಿ 12, ಮಧ್ಯಾಹ್ನ ಮೂರು

ಹೋಗಿ ಬಂದೆ. ಅವಳಿಗೆ ಗೊತ್ತಿಲ್ಲ. ಮೂರು ಮಹಡಿ ಇಳಿದು, ಆಟೋ ಹಿಡಿದು, ಯಾವ ಕಟ್ಟಡ ಎಂದು ನಾಲ್ಕು ಜನರನ್ನು ಕೇಳಿ. ವಿಭಾಗದ ಆಫೀಸಿನಲ್ಲಿ ಕೂರುವಾಕೆಯನ್ನು ಕಡ್ಡಿ ಫೈಲಮ್ಮ ಎನ್ನುತ್ತಾಳೆ. ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅಚ್ಚು ಹಾಕಿದ ಕಾಗದವೇ ಇತ್ತು. ಈ ಕೃತಿಯಲ್ಲಿ ನನ್ನ ಪಾಲು ಶೇಕಡಾ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು.

ಸೊನ್ನೆ ಹಾಕಿದೆ. ಬಹಳ ದುಂಡಗೆ ಬಂತು.

ಮೊಮ್ಮಗಳಿಗೆ ಹೇಳಿದ್ದೀರಾ ಎಂದು ಫೈಲಮ್ಮ ಕೇಳಿದಳು. ಹೂಂ ಎಂದೆ. ಸುಳ್ಳು. ಒಂದೇ ದಿನದಲ್ಲಿ ಎರಡು.

ಫೆಬ್ರವರಿ 27, ಸಂಜೆ

ನಾಳೆ ಇಂಟರ್ವ್ಯೂ. ನೀಲಿ ಅಂಗಿ ಇಸ್ತ್ರಿಯಾಯಿತು. ಅಂಕ ಸರಿಹೋಗಿದೆ, ಕರೆದಿದ್ದಾರೆ — ಹೇಗೆ ಸರಿಹೋಯಿತು ಎಂದು ಇವಳಿಗೇ ಆಶ್ಚರ್ಯ. ರಂಗದ ಮೇಲೆ ತಂದದ್ದನ್ನೂ ಲೆಕ್ಕಕ್ಕೆ ಹಿಡಿದಿರಬೇಕು ಎಂದುಕೊಂಡಿದ್ದಾಳೆ. ಕೊನೆಗೂ ಹಿಡಿದರಲ್ಲ ಅಜ್ಜಿ ಅಂದಳು. ಮುಖ ಅರಳಿತ್ತು. ನಾನು ಒಲೆಯ ಕಡೆ ತಿರುಗಿಕೊಂಡೆ.

ಫೆಬ್ರವರಿ 28, ಸಂಜೆ ಆರು

ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಟೀ ಆರಿತು. ಮತ್ತೆ ಕಾಯಿಸಿದೆ. ಮತ್ತೆ ಆರಿತು.

ಮಾರ್ಚ್ 3

ಮೂರು ದಿನ. ಒಂದು ಮಾತಿಲ್ಲ. ನನ್ನ ಮಾತ್ರೆ ಎಣಿಸಿ ಇಡುತ್ತಾಳೆ, ಬಿಸಿನೀರು ತುಂಬಿ ಇಡುತ್ತಾಳೆ. ಬಾಯಿ ಮಾತ್ರ ಇಲ್ಲ. ಇದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ನಡೆದದ್ದು ಫೈಲಮ್ಮನಿಂದ ತಿಳಿಯಿತು. ನಾನೇ ಫೋನು ಮಾಡಿದೆ. ಹೊರಗಿನಿಂದ ಒಬ್ಬ ಪರಿಣತೆಯನ್ನು ಕರೆಸಿದ್ದರಂತೆ. ನರೆತ ಕೂದಲಿನಾಕೆ, ನಾಟಕದಲ್ಲೇ ಕೂದಲು ನರೆಸಿಕೊಂಡಾಕೆ. ಪುಸ್ತಕ ಓದಿಕೊಂಡೇ ಬಂದಿದ್ದಳು. ನಾಟಕದಲ್ಲಿ ಉಳಿದವರ ಮಾತೆಲ್ಲ ಅನುವಾದ, ಈ ಮುದುಕಿಯದು ಮಾತ್ರ ಹುಟ್ಟುಮಾತಿನ ಹಾಗಿದೆ, ಎಲ್ಲಿಂದ ತಂದಿರಿ ಎಂದು ಕಡ್ಡಿಯನ್ನು ಕೇಳಿದಳಂತೆ. ಈ ಪೆದ್ದು ಕುಣಿದುಕೊಂಡು ಎಲ್ಲ ಹೇಳಿಬಿಟ್ಟಿದೆ. ಬೀನ್ಸು, ಸರ್ವೆಯವನು, ಎಂಟು ತಿಂಗಳು. ಅದೆಲ್ಲ ನಮ್ಮಜ್ಜಿಯದೇ ಎಂದಿದೆ.

ಟೈ ಮೇಷ್ಟ್ರು ಫೈಲಿನಿಂದ ನನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟರಂತೆ. ಸೊನ್ನೆ ಎಂದು ನಿಮ್ಮಜ್ಜಿಯೇ ಬರೆದುಕೊಟ್ಟಿದ್ದಾರಲ್ಲ, ಇದರಲ್ಲಿ ಯಾವುದು ನಿಜ ಎಂದರಂತೆ.

ಆ ಕಾಗದ ಇದೆಯೆಂದು ಅವಳಿಗೆ ತಿಳಿದದ್ದು ಆಗಲೇ. ಐದು ಜನರ ಮುಂದೆ.

ಅವಳು ಸಹಿ ನೋಡುತ್ತ ಕೂತಿದ್ದಳಂತೆ.

ಮಾರ್ಚ್ 5, ಬೆಳಿಗ್ಗೆ

ಕೊನೆಗೂ ಬಾಯಿ ಬಿಟ್ಟಳು. ನಾನೇ ಕೆದಕಿದೆ. ಹೌದು, ಬರೆದುಕೊಟ್ಟೆ, ನಿನಗೆ ಕೆಲಸ ಸಿಗಲಿ ಎಂದು ಬರೆದೆ, ನೇಣು ಹಾಕು ಎಂದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಎದುರು ಸ್ಟೂಲು ಎಳೆದುಕೊಂಡು ಕೂತಳು. ಸಣ್ಣ ದನಿ.

"ನಾನು ಒಂಬತ್ತು ವರ್ಷದಿಂದ ಆ ಮೂಲೆ ಕೋಣೇಲಿ ಏನು ಹೇಳ್ಕೊಡ್ತಿದೀನಿ ಗೊತ್ತಾ ಅಜ್ಜಿ? ದ್ವೀಪದ ಮುದುಕಿಯರು ಕತೆ ಹೇಳಿದ್ರು. ಓದಿದೋರು ಬಂದು ಬರ್ಕೊಂಡು ಹೋಗಿ ತಮ್ಮ ಹೆಸರು ಹಾಕ್ಕೊಂಡ್ರು. ಆ ಮುದುಕಿಯರ ಹೆಸರು ಎಲ್ಲೂ ಇಲ್ಲ. ಹುಡುಕಿ ಹುಡುಕಿ ಸಾಕಾಯ್ತು ನಂಗೆ. ಈಗ ನೀನೇ ನನ್ನನ್ನ ಆ ಸಾಲಲ್ಲಿ ನಿಲ್ಲಿಸಿದೆ."

ಮಡಿಲಲ್ಲಿದ್ದ ಬೀನ್ಸ್ ತಟ್ಟೆ ಕೆಳಗಿಟ್ಟೆ.

ನನಗೇನು ಗೊತ್ತಿತ್ತು, ಮೊದಲೇ ಹೇಳಬೇಕಿತ್ತು ಎಂದೆ. ಕೇಳಿದ್ದೆಯಾ ಎಂದಳು. ಕೇಳಿರಲಿಲ್ಲ. ಎಂಟು ತಿಂಗಳು ಬೈದೆನೇ ಹೊರತು ಒಂದು ದಿನವೂ ಕೇಳಿರಲಿಲ್ಲ.

ಮಾರ್ಚ್ 9

ಯೂನಿವರ್ಸಿಟಿಯಿಂದ ಕಾಗದ. ಅವಳ ಹೆಸರಿಗಲ್ಲ, ನನ್ನ ಹೆಸರಿಗೆ. ಅಭ್ಯರ್ಥಿಯ ಹೇಳಿಕೆಗೂ ನಿಮ್ಮ ಪತ್ರಕ್ಕೂ ತಾಳೆಯಾಗುತ್ತಿಲ್ಲ, ಸ್ಪಷ್ಟನೆ ಕೊಡಿ, ಅಲ್ಲಿಯವರೆಗೆ ಆಯ್ಕೆ ತಡೆಹಿಡಿಯಲಾಗಿದೆ. ಸೊನ್ನೆ ನಿಜವೆಂದರೆ ಇವಳು ಇಂಟರ್ವ್ಯೂನಲ್ಲಿ ಸುಳ್ಳು ಹೇಳಿದ ಹಾಗೆ. ಸುಳ್ಳೆಂದರೆ ಅಂಕ ಎಪ್ಪತ್ತಮೂರು. ಎರಡು ಕಡೆಯಿಂದಲೂ ಕತ್ತರಿ, ನಡುವೆ ನನ್ನ ಮೊಮ್ಮಗಳು. ಕತ್ತರಿ ಕೊಟ್ಟವಳು ನಾನು.

ಸಂಜೆ ಟೈ ಮೇಷ್ಟ್ರ ಫೋನು. ಅಮ್ಮಾ, ಮೊಮ್ಮಗಳು ಪ್ರೀತಿಯಿಂದ ಸ್ವಲ್ಪ ಹೆಚ್ಚಾಗಿ ಹೇಳಿದಳು ಎಂದು ಬರೆದುಬಿಡಿ, ಎಲ್ಲ ಸಲೀಸಾಗಿ ಹೋಗುತ್ತದೆ ಎಂದರು. ದನಿಯಲ್ಲಿ ಬೆಣ್ಣೆ. ಇವರು ಇವಳ ಪರವೋ ವಿರುದ್ಧವೋ ನನಗೆ ಇನ್ನೂ ತಿಳಿದಿಲ್ಲ. ಬಹುಶಃ ಅವರಿಗೆ ಬೇಕಿರುವುದು ಫೈಲು ಮುಚ್ಚುವುದು, ಅಷ್ಟೇ.

ಕಡ್ಡಿಯನ್ನು ಕೇಳಿದೆ, ಏನು ಬರೆಯಲಿ? ಈ ಸಲ ಕೇಳಿದೆ.

"ನಿಂಗೆ ನಿಜ ಅನ್ಸಿದ್ದು ಬರಿ. ಆಮೇಲೆ ಏನಾಗುತ್ತೋ ಆಗ್ಲಿ."

ಬರೆದರೆ ನಿನ್ನ ಕೆಲಸ ಹೋಗುತ್ತದಲ್ಲೇ ಎಂದೆ. ಸ್ಟೂಲು ಒಳಗಿಟ್ಟಳು. ಮತ್ತೆ ಹೊರಗೆ ತಂದಳು, ಮತ್ತೆ ಒಳಗಿಟ್ಟಳು. ಆಗಲಿ ಎಂದವಳ ಕೈ ಅದಲ್ಲ.

ಮಾರ್ಚ್ 11, ಬೆಳಿಗ್ಗೆ ಹತ್ತು

ಮೊದಲು ಇಲ್ಲಿ ಬರೆದು ನೋಡುತ್ತೇನೆ. ಸರಿಯಾದರೆ ಬಿಳಿ ಹಾಳೆಗೆ ಇಳಿಸುವುದು. ಫೈಲಮ್ಮನಿಗೆ ನಾನೇ ಕೊಂಡುಹೋಗಿ ಕೊಟ್ಟು, ತಲುಪಿತೆಂದು ಸೀಲು ಹಾಕಿಸಿಕೊಂಡು ಬರುತ್ತೇನೆ.

ಆಯ್ಕೆ ಸಮಿತಿಯವರಿಗೆ —

ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಫೆಬ್ರವರಿ 12ರಂದು ನಾನು ಹಾಕಿದ ಸೊನ್ನೆ ಸುಳ್ಳು. ಯಾರೂ ಹೇಳಿಕೊಟ್ಟದ್ದಲ್ಲ. ಮೊಮ್ಮಗಳಿಗೆ ತಿಳಿಯದಂತೆ ಬಂದು ಹಾಕಿದ್ದು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ, ವಿಳಾಸ ನಿಮ್ಮಲ್ಲಿದೆ.

ನಿಜ ಇಷ್ಟು. ಪುಸ್ತಕ ನೂರ ಹನ್ನೆರಡು ಪುಟ. ಮುದುಕಿ ಮಾತಾಡುವುದು ಮೂವತ್ತೊಂದು ಪುಟದಲ್ಲಿ. ಆ ಮಾತು ಆಡಿದ್ದು ನಾನು. ಆದರೆ ನಾನು ಆಡಿದ್ದೆಲ್ಲ ಅದರಲ್ಲಿಲ್ಲ. ಹತ್ತು ಬೈದರೆ ಆರು ತಳ್ಳಿಹಾಕುತ್ತಿದ್ದಳು. ಆ ಮುದುಕಿಗೆ ಹೊಲ ಇರಲಿಲ್ಲ ಅಜ್ಜಿ, ಹಾಗೆ ಬೈಯುವುದಿಲ್ಲ ಎನ್ನುತ್ತಿದ್ದಳು. ಆ ಮುದುಕಿ ಯಾಕೆ ನಗುತ್ತಾಳೆ, ಎಲ್ಲಿ ಉಸಿರು ಹಿಡಿಯುತ್ತಾಳೆ ಎಂದು ಹೇಳಿಕೊಡುತ್ತಿದ್ದಳು. ಸಮುದ್ರದ ಆಚೆಯ ಆ ಹೆಂಗಸನ್ನು ನಾನು ಕಂಡವಳಲ್ಲ. ನನ್ನ ಮನೆಗೆ ಕರೆತಂದು ಕೂರಿಸಿದವಳು ನನ್ನ ಮೊಮ್ಮಗಳು. ಅದಕ್ಕೆ ಅವಳು ಒಂಬತ್ತು ವರ್ಷ ಓದಿದ್ದಾಳೆ. ನಾನು ಎಂಟು ತಿಂಗಳು ಬೀನ್ಸ್ ಮುರಿದಿದ್ದೇನೆ.

ಇದರಲ್ಲಿ ಯಾರ ಪಾಲು ಶೇಕಡಾ ಎಷ್ಟು? ನನಗೆ ಬರುವುದಿಲ್ಲ. ನೀವು ಓದಿದವರು, ಐದು ಜನರಿದ್ದೀರಿ, ಕೂತು ಹಾಕಿ. ನಿಮ್ಮ ಫಾರಂನಲ್ಲಿ ಇದಕ್ಕೆ ಜಾಗ ಇಲ್ಲದಿದ್ದರೆ ಫಾರಂ ಸರಿಮಾಡಿ. ಮನುಷ್ಯರನ್ನು ಅರ್ಧ ಮಾಡಬೇಡಿ. ಅವಳ ಕೆಲಸ ಅವಳಿಗೆ ಕೊಡಿ. ನನ್ನ ಹೆಸರು ಪುಸ್ತಕದಲ್ಲಿರಲಿ. ನರೆತ ಕೂದಲಿನ ಆ ಅಮ್ಮನಿಗೆ ಈ ಕಾಗದ ತೋರಿಸಿ, ಆಕೆ ಏನು ಹೇಳುತ್ತಾರೋ ಅದನ್ನೂ ಬರೆಯಿರಿ.

ಆಗುತ್ತದೋ ಆಗುವುದಿಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಕೊಡಿ. ಫೋನಿನಲ್ಲಲ್ಲ. ಕಾಗದದಲ್ಲಿ, ಸಹಿ ಹಾಕಿ ಕೊಡಿ.

ಸರಿಯಾಗಿದೆ, ಬಿಳಿ ಹಾಳೆಗೆ ಇಳಿಸಿ ಕೆಳಗೆ ನನ್ನ ಹೆಸರು ಪೂರ್ತಿ ಬರೆಯುತ್ತೇನೆ.