ಕೋಟಿನ ಕೆಳಗಿನ ನೈಲಾನ್ ಸೀರೆ

ಯಶವಂತಪುರ,
ಭಾನುವಾರ, ೨೩-೨-೧೯೮೬

ರೀ,

ಕಾಗದದಲ್ಲಾದರೂ ನನ್ನ ಹೆಸರು ಹಿಡಿದು ಬರೆ ಎಂದು ಹೋದ ಸಲ ಹೇಳಿದ್ದಿರಿ. ಪ್ರಯತ್ನಪಟ್ಟೆ. ಮೊದಲ ಅಕ್ಷರ ಬರೆಯುವಷ್ಟರಲ್ಲೇ ನಗು ಬಂತು. ಹಾಗಾಗಿ ‘ರೀ’ ಎಂದೇ ಇರಲಿ. ನಿಮ್ಮ ಕೆಮ್ಮು ಹೇಗಿದೆ? ಹೋಟೆಲಿನ ಏಸಿಯ ಕೆಳಗೇ ಮೇಜು ಹಾಕಿಕೊಂಡು ಕೂರಬೇಡಿ, ಮಸ್ಕತ್ತಿನಲ್ಲಿ ಕಷಾಯ ಮಾಡಿಕೊಡುವವರು ಯಾರಿದ್ದಾರೆ? ನಾನು ಚೆನ್ನಾಗಿದ್ದೇನೆ. ವಠಾರದ ಓನರ್ ಪುಟ್ಟಲಕ್ಷ್ಮಮ್ಮ ದಿನಾ ‘ಒಬ್ಳಿಗೇ ಏನಮ್ಮ ಅಡಿಗೆ ಮಾಡ್ತೀಯ’ ಎಂದು ಕೇಳುತ್ತಾರೆ, ಉತ್ತರಕ್ಕೆ ಮಾತ್ರ ನಿಲ್ಲುವುದಿಲ್ಲ. ಒಬ್ಬಳಿಗೆ ಸಾರು ಮಾಡುವ ಅಳತೆ ಎರಡು ವರ್ಷವಾದರೂ ನನಗೆ ಬಂದಿಲ್ಲ. ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಲೇ ಎಂದು ಕೇಳಿದ್ದೀರಿ. ನಿಮಗೆ ಸರಿ ಅನಿಸಿದರೆ ಹಾಕಿ. ನನಗೆ ಫ್ಯಾಕ್ಟರಿ ಇದೆ, ಹೊತ್ತು ಹೋಗುತ್ತದೆ.

ಆ ಫ್ಯಾಕ್ಟರಿಯದೇ ಒಂದು ವಿಷಯ ಹೇಳಬೇಕು. ಅದಕ್ಕೆ ಮೊದಲು ನನ್ನ ಕೆಲಸ ಏನೆಂದು ನಿಮಗೆ ತಿಳಿಯಬೇಕು, ನೀವಂತೂ ಯಾವತ್ತೂ ಕೇಳಿದವರಲ್ಲ. ಅಳತೆಯ ಯಂತ್ರಗಳ ಮುಖದ ಮೇಲೆ ಅಂಕಿಗಳು ಮೂಡುವ ಫಲಕ ಇರುತ್ತದಲ್ಲ, ನಾವು ಮಾಡುವುದು ಅದನ್ನೇ. ಹತ್ತಿರದಲ್ಲಿ ಯಾರಾದರೂ ವೈರ್‌ಲೆಸ್ಸಿನಲ್ಲಿ ಮಾತಾಡಿದರೆ ಆ ಅಂಕಿಗಳು ಕುಣಿಯುತ್ತವೆ, ಮೂರು ಇದ್ದದ್ದು ಎಂಟಾಗುತ್ತದೆ. ಅದಕ್ಕೇ ಅಂಕಿಗಳ ಮುಂದೆ, ಗಾಜಿನ ಒಳಗೆ, ಕೂದಲೆಳೆಯಂಥ ತಾಮ್ರದ ಜಾಲರಿ ಕೂರಿಸಿ ಅಂಚುಗಳನ್ನು ಪೆಟ್ಟಿಗೆಯ ತಗಡಿಗೆ ಬೆಸುಗೆ ಹಾಕುತ್ತೇವೆ. ಆಮೇಲೆ ನಮ್ಮ ಸೂಪರ್‌ವೈಸರ್ ರಾಮಕೃಷ್ಣಪ್ಪನವರು ಒಂದು ವೈರ್‌ಲೆಸ್ ಹಿಡಿದು ಪ್ರತಿ ಫಲಕದ ಮುಂದೆಯೂ ‘ತಿಂಡಿ ಆಯ್ತಾ, ಓವರ್’ ಎನ್ನುತ್ತಾರೆ. ಅಂಕಿ ಅಲುಗದಿದ್ದರೆ ಪಾಸು. ಇನ್ನೊಂದು ಅಪಾಯ ನಮ್ಮ ಮೈಯಲ್ಲೇ ಇರುತ್ತದೆ. ಈ ಒಣಹವೆಯಲ್ಲಿ ನೈಲಾನ್ ಬಟ್ಟೆ ಉಜ್ಜಿ ಉಜ್ಜಿ ಮೈಯಲ್ಲಿ ಕರೆಂಟು ಸೇರಿಕೊಳ್ಳುತ್ತದೆ. ಆ ಕೈ ತಗುಲಿದರೆ ಫಲಕದ ಜೀವ ಹೋಯಿತು. ಅದಕ್ಕೇ ಹತ್ತಿ ಸೀರೆಯನ್ನೇ ಉಡಬೇಕು, ಮೇಲೆ ಕೋಟು, ಮಣಿಕಟ್ಟಿಗೆ ಒಂದು ಪಟ್ಟಿ, ಆ ಪಟ್ಟಿಯಿಂದ ಭೂಮಿಗೆ ಇಳಿಯುವ ತಂತಿ. ಬೆಳಗ್ಗೆ ಅದನ್ನು ಕಟ್ಟಿಕೊಳ್ಳುವಾಗ ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಅನಿಸುತ್ತದೆ. ಆದರೂ ಕಟ್ಟಿಸಿಕೊಳ್ಳಲು ಒಂದು ಜಾಗವಿದೆಯಲ್ಲ ಎಂದು ಸಮಾಧಾನ.

ಬುಧವಾರ ನಮ್ಮ ಮದುವೆಯಾದ ದಿನ. ನೀಲಿ ನೈಲಾನ್ ಸೀರೆ ಉಟ್ಟು ಫೋಟೋ ತೆಗೆಸು ಎಂದು ಬರೆದಿದ್ದಿರಿ. ಕೆಲಸ ಬಿಟ್ಟು ಮನೆಗೆ ಬಂದು ಸೀರೆ ಬದಲಾಯಿಸುವಷ್ಟರಲ್ಲಿ ಸ್ಟುಡಿಯೋ ಮುಚ್ಚಿರುತ್ತದೆ. ಕೋಟು ಮೊಣಕಾಲು ದಾಟುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ಆ ಸೀರೆಯನ್ನೇ ಉಟ್ಟು ಕೆಲಸಕ್ಕೆ ಹೋದೆ. ಯಾರಾದರೂ ನೋಡಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಪಕ್ಕದ ಮೇಜಿನ ಅಕ್ಬರಿ ನೋಡಿದಳು. ಊಟದ ಡಬ್ಬಿ ಹಂಚಿಕೊಂಡು ತಿನ್ನುವ ಗೆಳತಿ ಎಂದು ಬರೆದಿದ್ದೆನಲ್ಲ, ಅವಳು. ಮಧ್ಯಾಹ್ನ ಅವಳಿಗೆ ಹಲ್ಲುನೋವು ಜೋರಾಯಿತು. ನಾನು ಪಟ್ಟಿ ಬಿಚ್ಚಿ ಎದ್ದು, ಅವಳ ತಟ್ಟೆಯಲ್ಲಿದ್ದ ಫಲಕಗಳನ್ನು ಒಯ್ದು ಟೆಸ್ಟಿನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿ ಬಂದೆ. ಬಂದವಳ ಕೈಯನ್ನು ಅವಳು ಹಿಡಿದಳು ನೋಡಿ, ಚಟ್ ಎಂದಿತು. ‘ಏನ್ ಗೋದಾ, ಕರೆಂಟ್ ಹೊಡೀತೀಯಲ್ಲೇ!’ ಎಂದಳು. ಇಬ್ಬರೂ ನಕ್ಕೆವು.

ಗುರುವಾರ ನೋಡಿದರೆ ಆ ತಟ್ಟೆಯ ಒಂದು ಫಲಕವೂ ಬೆಳಗಲಿಲ್ಲ. ಅದರ ಮೇಲಿದ್ದದ್ದು ಅಕ್ಬರಿಯ ಹೆಸರಿನ ಚೀಟಿ. ರಾಮಕೃಷ್ಣಪ್ಪನವರ ಕಣ್ಣು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದ್ದ ಅವಳ ಬುರ್ಖಾದ ಮೇಲೆ ಬಿತ್ತು. ‘ನೈಲಾನ್ ಹಾಕ್ಕೊಂಡ್ ಬರ್ಬೇಡಿ ಅಂತ ಎಷ್ಟ್ ಸಲ ಹೇಳ್ಬೇಕಮ್ಮ?’ ಎಂದರು. ಅವಳು ಒಂದು ದಿನವೂ ಅದನ್ನು ತೊಟ್ಟು ಒಳಗೆ ಬಂದವಳಲ್ಲ. ನನ್ನತ್ತ ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿ ಬೆಸುಗೆ ಹಾಕುತ್ತಾ ಕೂತೆ. ಹೇಳಿ ಕಳಿಸುವವರೆಗೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದರು. ಶುಕ್ರವಾರ, ಶನಿವಾರ ಒಬ್ಬಳೇ ಡಬ್ಬಿ ಬಿಚ್ಚಿದೆ.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಆಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ? ಈ ಒಂದು ಕೋಣೆ, ಒಂದು ಸ್ಟವ್, ನಿಮ್ಮ ಹಳೇ ಚಪ್ಪಲಿ. ನನಗೆ ಭಯವಾಗುತ್ತದೆ ರೀ. ಆ ಭಯಕ್ಕೆ ಅವಳ ಕೆಲಸ ತೆತ್ತು ಕೂತಿದ್ದೇನೆ, ನಾಚಿಕೆಯೂ ಆಗುತ್ತದೆ. ಫೋಟೋ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿರುವುದು ಬುಧವಾರದ ನಗು, ಈಗಿನದಲ್ಲ.

ಹೊತ್ತುಹೊತ್ತಿಗೆ ಊಟ ಮಾಡಿ. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ನಿಮ್ಮ ಕೋಣೆಯ ಜೊತೆಗಾರರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಗೋದಾ

ಮರೆತ ಮಾತು: ಸೋಮವಾರ ಮಧ್ಯಾಹ್ನ, ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡಿ. ಬೆಳಗ್ಗೆ ಹೋಗಿ ಎಲ್ಲ ಹೇಳಿಬಿಟ್ಟೆ. ರಾಮಕೃಷ್ಣಪ್ಪನವರು ಕೂಗಾಡಲಿಲ್ಲ, ನನ್ನ ಕೈಪಟ್ಟಿ ವಾಪಸು ತೆಗೆದುಕೊಂಡರು, ಅಷ್ಟೆ. ಅಕ್ಬರಿ ನಾಳೆಯಿಂದ ಬರಬಹುದಂತೆ. ಅದನ್ನು ನಾನೇ ಹೇಳಬೇಕೆಂದು ಆರ್.ಟಿ. ನಗರದ ಅವಳ ಮನೆಗೆ ಹೋದೆ. ‘ಕೈ ಮುಟ್ದಾಗ್ಲೇ ಗೊತ್ತಾಯ್ತು ಕಣೇ. ನಂಗೆ ಮನೆತುಂಬಾ ಜನ ಇದಾರೆ, ನಿಂಗ್ಯಾರಿದಾರೆ ಅಂತ ಸುಮ್ನಿದ್ದೆ’ ಎಂದಳು. ಅವಳ ಹೆಗಲಿಗೆ ತಲೆಯಿಟ್ಟು ಅತ್ತೆ. ಎರಡು ವರ್ಷದಲ್ಲಿ ನನ್ನ ಕೈ ಹಿಡಿದವಳು ಅವಳೊಬ್ಬಳೇ.

ಕರಾರಿನ ಬಗ್ಗೆ ಮೇಲೆ ಬರೆದದ್ದು ಸುಳ್ಳು. ಫ್ಯಾಕ್ಟರಿ ಇದ್ದಾಗಲೂ ಹೊತ್ತು ಹೋಗುತ್ತಿರಲಿಲ್ಲ. ಸಹಿ ಹಾಕಬೇಡಿ, ಉಪೇಂದ್ರ. ಮನೆಗೆ ಬನ್ನಿ.