ಬಾಬಾನ ಅಂಗೈ

ಏಪ್ರಿಲ್ ೮, ಬೆಳಿಗ್ಗೆ

ಬುಜೂರಿಯಾ ಪೇಟೆಯಲ್ಲಿ ಆರು ಅಂಗಡಿ ಸುತ್ತಿದೆ. ಅಸಲಿ ಚಾಕೊಲೇಟ್ ಬೆಲೆ ಕೇಳಿದರೆ ತಲೆ ಗಿರ್ರೆನ್ನುತ್ತದೆ. ಕೊನೆಗೆ ಅಬು ಸುಬ್ಹಿ ಹತ್ತಿರ ಕಾಂಪೌಂಡ್ ಚಾಕೊಲೇಟ್ ಸಿಕ್ಕಿತು— ಕೋಕೋ ಬೆಣ್ಣೆ ಬದಲು ತಾಳೆ ಎಣ್ಣೆ. ಅಗ್ಗ. ಫ್ರಿಜ್ ಬೇಡ. ಎರಡು ಗಂಟೆ ಕರೆಂಟ್ ಬರುವ ಮನೆಗೆ ಅದೇ ದೊಡ್ಡದು. ಈ ಈದ್‌ಗೂ ಗಿರಾಕಿಗಳ ಮನೆಗೆ ಡಬ್ಬಿ ಹೋಗದಿದ್ದರೆ, ಇಷ್ಟು ವರ್ಷ ಚಾಕೊಲೇಟ್ ಮಾಡಿದ ಬಾಬಾ ಹೆಸರನ್ನು ಜನ ಮರೆತೇ ಬಿಡುತ್ತಾರೆ.

"ನಿಮ್ಮಪ್ಪ ಇದನ್ನ ಒಳಗೆ ಬಿಟ್ಕೋತಾರೇನಮ್ಮ ರುದೈನಾ? ಒಂದ್ಸಲ ಇಂಥದೇ ಗಟ್ಟೀನ ನನ್ ಮುಖಕ್ಕೇ ಎಸೆದಿದ್ರು!"

"ಅವರಿಗೆ ಹೇಳೋರ್ಯಾರು?" ಎಂದೆ. ಅಬು ಸುಬ್ಹಿ ನಕ್ಕ. ನನಗೆ ನಗು ಬರಲಿಲ್ಲ.

ಏಪ್ರಿಲ್ ೧೧

ಕರಗಿಸಿ, ಪಿಸ್ತಾ ಅದ್ದಿ, ಬಾಬಾ ಹೆಸರಿನ ಡಬ್ಬಿಗೆ ತುಂಬಿದೆ. ಒಳ್ಳೇ ಹೊಳಪು. ಬಾಬಾ ಹಾಸಿಗೆ ಬಿಟ್ಟು ಅಡುಗೆಮನೆಗೆ ಬರಲಾರರು. ಪುಣ್ಯ... ಛೆ, ಎಂಥ ಮಾತು ಬರೆದೆ.

ಏಪ್ರಿಲ್ ೧೩, ಮಧ್ಯಾಹ್ನ

"ಒಂದು ತುಂಡು ಕೊಡು, ನೋಡೋಣ."

"ಉಪವಾಸ ಅಲ್ವಾ ಬಾಬಾ?"

"ಬಾಯಲ್ಲಿ ನೋಡ್ತೀನಿ ಅಂದ್ನೇನೇ? ಕೈ ಇಲ್ವಾ?"

ಗೊತ್ತು. ರಂಜಾನ್ ಹಗಲಲ್ಲಿ ರುಚಿ ನೋಡುವಂತಿಲ್ಲ. ಅದಕ್ಕೇ ಬಾಬಾ ಪ್ರತಿ ವರ್ಷ ತುಂಡನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟುತ್ತಿದ್ದರು. ಅಸಲಿಯಾದರೆ ಕೈ ಬಿಸಿಗೆ ಕರಗಲೇಬೇಕು; ತಾಳೆ ಎಣ್ಣೆಯದು ಬೇಗ ಕರಗದು.

ಕೊಟ್ಟೆ. ಮುಷ್ಟಿ ಬಿಡಿಸಿದರು— ತುಂಡು ಹಾಗೇ ಇತ್ತು. ಬೈಯಲಿ, ಎಸೆಯಲಿ ಎಂದು ಕಾದೆ.

ಬಹಳ ಹೊತ್ತು ಅಂಗೈ ನೋಡಿದರು. "ನನ್ ಕೈಯೇ ತಣ್ಣಗಾಗ್ಬಿಟ್ಟಿದೆ ಮಗಳೇ. ನಿನ್ ಚಾಕೊಲೇಟ್‌ದೇನೂ ತಪ್ಪಿಲ್ಲ."

ಆ ತುಂಡನ್ನು ತೆಗೆದು ಮತ್ತೆ ಡಬ್ಬಿಗೇ ಹಾಕಿದೆ. ಪಾಪಿ ನಾನು.

ಏಪ್ರಿಲ್ ೧೫

ಯಾರು ಬಂದರೂ ಕೈ ಚಾಚುತ್ತಾರೆ. "ಮುಟ್ಟಿ ನೋಡು, ತಣ್ಣಗಿದ್ಯಾ?" ಇಫ್ತಾರ್‌ಗೆ ಎರಡೇ ಗುಟುಕು ಸೂಪು. "ಕೈಯೇ ಹೋದ್ಮೇಲೆ ನಾನ್ಯಾಕಿರ್ಬೇಕು?" ನಿಜ ಹೇಳಿದರೆ ಒಂದು ಡಬ್ಬಿಯನ್ನೂ ಹೊರಗೆ ಬಿಡುವುದಿಲ್ಲ. ಈದ್ ಮುಗಿಯಲಿ, ಹೇಳುತ್ತೇನೆ.

ಏಪ್ರಿಲ್ ೨೨, ಈದ್ ಮರುದಿನ

ಡಬ್ಬಿಗಳೆಲ್ಲ ಹೋದವು. ಎಲ್ಲರೂ ಹೊಗಳಿದರು. ಅಸಲಿ ಚಾಕೊಲೇಟ್ ಕೊಂಡು ತಂದಿದ್ದೇನೆ, ಒಂದೇ ತುಂಡು. ಬಾಬಾ ಮಲಗಿದ್ದರು. ನಾಳೆ ಅಂಗೈಯಲ್ಲಿಟ್ಟು ಎಲ್ಲ ಹೇಳುತ್ತೇನೆ. ಬೈದರೆ ಬೈಯಲಿ.

ಏಪ್ರಿಲ್ ೨೩, ಬೆಳಿಗ್ಗೆ ೮

ಕಾಫಿಗೆ ಎಬ್ಬಿಸಿದೆ. ಏಳಲಿಲ್ಲ. ಡಾಕ್ಟರ್ ಬಂದು ನೋಡಿ ಹೋದರು. ಮಣ್ಣಿಗೆ ಮೊದಲು ಮೀಯಿಸುವವರು ಇನ್ನೂ ಬಂದಿಲ್ಲ.

ತುಂಡನ್ನು ಬಾಬಾನ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ. ಬಾಬಾ, ಇದು ಅಸಲಿ. ಅವತ್ತಿನದು ನಕಲಿ. ನಿಮ್ಮ ಕೈ ಚೆನ್ನಾಗಿಯೇ ಇತ್ತು ಬಾಬಾ— ಜೋರಾಗಿ ಹೇಳಿದೆ. ಕಾದೆ. ಬಿಡಿಸಿ ನೋಡಿದೆ. ಕರಗಿಲ್ಲ. ಮತ್ತೆ ಮಡಿಸಿ, ನನ್ನೆರಡೂ ಕೈಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದೆ.

ಬಾಗಿಲು ತಟ್ಟುತ್ತಿದ್ದಾರೆ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟರೆ ಕರಗುತ್ತೇನೋ.