ಮೂಗು ಕಟ್ಟಿದ ದನಿ

ಅಮ್ಮಾ,

ಮನೆಗೆ ಬರೆದರೆ ಅಪ್ಪ ಒಡೆದು ಓದುತ್ತಾರೆಂದು ಇದನ್ನು ನಿನ್ನ ಹೊಲಿಗೆ ಅಂಗಡಿಗೆ ಕಳಿಸುತ್ತಿದ್ದೇನೆ.

ಮೊದಲಿಗೆ, ನನ್ನನ್ನು ಕರೆದೊಯ್ಯಲು ಸೋದರಮಾವನನ್ನು ಕಳಿಸಬೇಡ. ಫೋನಿನಲ್ಲಿ ನನ್ನ ದನಿ ಕೇಳಿ ನಿನ್ನ ಅಳಿಯ ನನ್ನನ್ನು ಅಳಿಸುತ್ತಿದ್ದಾರೆಂದು ತೀರ್ಮಾನಿಸಿದ್ದೀಯ. ಅವರು ಪಾಪ, ನನ್ನ ಹಬೆಗೆಂದು ನೀರು ಕಾಯಿಸಿ ಕಾಯಿಸಿ ಪಾತ್ರೆಯ ತಳ ಸುಟ್ಟವರು. ನನಗಿರುವುದು ಸೈನಸ್ ಸೋಂಕು. ಮಾತ್ರೆ ಮುಗಿದ ಮರುವಾರವೇ ಮರಳಿ ಬರುತ್ತದೆ. ಹುಬ್ಬಿನ ಮೇಲೆ ಕಲ್ಲಿಟ್ಟಂತೆ ನೋವು, ಬಗ್ಗಿ ನೆಲ ಒರೆಸಲೂ ಆಗುವುದಿಲ್ಲ. ಮೂಗಿನ ಒಳಗೋಡೆ ಸೊಟ್ಟಗಿದೆಯಂತೆ, ಸಣ್ಣ ಆಪರೇಷನ್ ಬೇಕಂತೆ. ಸ್ಕ್ಯಾನಿನ ಪ್ರತಿ ಜೊತೆಗಿಟ್ಟಿದ್ದೇನೆ, ಮಾವನಿಗೆ ತೋರಿಸು.

ಆದರೆ ಮೊನ್ನೆ ನಾನು "ಅಳ್ತಿಲ್ಲಮ್ಮ, ಮೂಗು ಕಟ್ಟಿದೆ" ಅಂದಾಗ ನೀನು, "ನನಗೇ ಹೇಳ್ಕೊಡ್ತೀಯೇನೆ? ನೀನು ಚಿಕ್ಕವಳಿದ್ದಾಗಿಂದ ನಾನೂ ಅದನ್ನೇ ಹೇಳ್ಕೊಂಡು ಬಂದಿದ್ದು" ಎಂದು ಫೋನ್ ಇಟ್ಟುಬಿಟ್ಟೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ನೀನು ಮೂಗೆಳೆಯುತ್ತಿದ್ದುದು ನನಗೆ ನೆನಪಿದೆ. ನೆಗಡಿಯೆಂದೇ ನಂಬಿ ಬಾಗಿಲ ಕೆಳಗಿನ ಸಂದಿಯಿಂದ ಕರವಸ್ತ್ರ ತೂರಿಸುತ್ತಿದ್ದೆ.

ಆಪರೇಷನ್ ಮುಂದಿನ ಸೋಮವಾರ. ನನ್ನನ್ನು ನೋಡಿಕೊಳ್ಳಲು ನೀನು ಬಾ. ಇಲ್ಲಿ ಚಿಕ್ಕ ಕೋಣೆ ಖಾಲಿಯಿದೆ. ಕಿಟಕಿಯ ಕೆಳಗೆ ನಿನ್ನ ಹೊಲಿಗೆ ಯಂತ್ರ ಹಿಡಿಸುತ್ತದೆ, ಇಬ್ಬರೂ ಅಳೆದು ನೋಡಿದೆವು. ಯಂತ್ರವನ್ನು ಅಂಗಡಿಯಿಂದಲೇ ಲಾರಿಗೆ ಹಾಕಿಸು, ಮನೆಗೆ ಒಯ್ಯಬೇಡ. ನನ್ನ ಮೂಗು ವಾಸಿಯಾದ ಮೇಲೂ ಆ ಕೋಣೆ ನಿನ್ನದೇ.

ಎಲ್ಲಿಗೆಂದು ಅಪ್ಪ ಕೇಳಿದರೆ, ಮಗಳಿಗೆ ಮೂಗು ಕಟ್ಟಿದೆ ಎನ್ನು. ಈ ಸಲ ಅದು ನಿಜ.

ದಾರಿ ನೋಡುತ್ತಿರುವ,
ನಿನ್ನ ಮಗಳು